ಗಾಲ್ಫ್ ಶೂ ಡಯಲ್ ಕೈಕೊಟ್ಟರೆ: ಮನೆಯಲ್ಲೇ ರಿಪೇರಿ ಮಾಡುವ ಕ್ರಮ

ಕೆಲವು ಗಾಲ್ಫ್ ಶೂಗಳಲ್ಲಿ ಲೇಸಿಗೆ ಗಂಟು ಕಟ್ಟುವ ಬದಲು, ತಿರುಗಿಸಿ ಬಿಗಿಮಾಡುವ ಡಯಲ್ ಇರುತ್ತದೆ. ಆ ಡಯಲ್ ತಿರುಗುತ್ತದೆ, ಶೂ ಮಾತ್ರ ಬಿಗಿಯಾಗುವುದಿಲ್ಲ. ಇಲ್ಲವೇ ಬಿಗಿ ಮಾಡಿದ್ದು ಮೂರನೇ ಹೋಲ್ ಹೊತ್ತಿಗೆ ಸಡಿಲಾಗಿರುತ್ತದೆ. ಇಲ್ಲವೇ ಲೇಸೇ ತುಂಡಾಗಿ ಕೈಗೆ ಬಂದಿರುತ್ತದೆ. ಇಂಥ ಶೂ ಎಸೆಯಬೇಕೇ, ರಿಪೇರಿ ಆಗುತ್ತದೆಯೇ ಎಂದು ಓದುಗರು ಕೇಳುತ್ತಲೇ ಇರುತ್ತಾರೆ. ಹೆಚ್ಚಿನ ಸಲ ಆಗುತ್ತದೆ. ಎಷ್ಟೋ ಸಲ ಡಯಲ್ ಬಿಚ್ಚುವ ಅಗತ್ಯವೂ ಬೀಳುವುದಿಲ್ಲ, ಏಕೆಂದರೆ ಒಳಗೆ ಏನೂ ಮುರಿದಿರುವುದಿಲ್ಲ. ಮರಳು ಸಿಕ್ಕಿಕೊಂಡಿರುತ್ತದೆ ಅಥವಾ ಲೇಸು ಉಲ್ಟಾ ಸುತ್ತಿಕೊಂಡಿರುತ್ತದೆ. ಹಾಗಾಗಿ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವುದು ಕೊನೆಯ ಕೆಲಸ.

ಇಲ್ಲಿ ಹೇಳಿರುವುದು ಬೋವಾ ಡಯಲ್ ಬಗ್ಗೆ. 2001ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಗ್ಯಾರಿ ಹ್ಯಾಮರ್‌ಸ್ಲ್ಯಾಗ್ ಶುರುಮಾಡಿದ ಈ ವ್ಯವಸ್ಥೆ ಮೊದಲು ಸ್ನೋಬೋರ್ಡ್ ಬೂಟಿಗೆ ಬಂತು, ಆಮೇಲೆ ಸೈಕಲ್ ಶೂ, ಗಾಲ್ಫ್ ಶೂಗಳಿಗೆ ಹಬ್ಬಿತು. ಫುಟ್‌ಜಾಯ್, ಅಡಿಡಾಸ್, ಎಕ್ಕೊ ಕಂಪನಿಗಳ ಕೆಲವು ಮಾದರಿಗಳಲ್ಲಿ ಇದೇ ಇರುತ್ತದೆ. ಪೂಮಾದ ಡಿಸ್ಕ್ ನೋಡಲು ಹೀಗೇ ಇದ್ದರೂ ಬೇರೆಯೇ ವ್ಯವಸ್ಥೆ, ಅದಕ್ಕೆ ಬೋವಾ ಬಿಡಿಭಾಗ ಕೂರುವುದಿಲ್ಲ. ನಿಮ್ಮ ಡಯಲ್ ಮೇಲೆ ಯಾವ ಹೆಸರಿದೆ ಎಂದು ಮೊದಲು ನೋಡಿಕೊಳ್ಳಿ.

ಒಳಗೆ ಏನಿದೆ

ಭಾಗಗಳ ಹೆಸರು ಒಮ್ಮೆ ತಿಳಿದರೆ ಮುಂದಿನದು ಸುಲಭ. ಶೂಗೆ ಹೊಲಿದು ಕೂರಿಸಿದ ಪ್ಲಾಸ್ಟಿಕ್ ತಟ್ಟೆ ಇದೆಯಲ್ಲ, ಅದು ಬುಡ. ಅದರ ಮೇಲೆ ಕೂರುವುದು ಡಯಲ್. ಡಯಲ್ ಒಳಗೆ ಲೇಸು ಸುತ್ತಿಕೊಳ್ಳುವ ಪುಟ್ಟ ರೀಲು ಮತ್ತು ಅದನ್ನು ಒಂದೇ ದಿಕ್ಕಿಗೆ ತಿರುಗಲು ಬಿಡುವ ಹಲ್ಲುಚಕ್ರ ಇರುತ್ತವೆ. ತಿರುಗಿಸುವಾಗ ಕೇಳುವ ‘ಟಿಕ್ ಟಿಕ್’ ಈ ಹಲ್ಲುಗಳದ್ದು. ಡಯಲ್ ಒತ್ತಿದಾಗ ಹಲ್ಲು ಕಚ್ಚಿಕೊಳ್ಳುತ್ತವೆ. ಮೇಲಕ್ಕೆ ಎಳೆದಾಗ ಬಿಟ್ಟುಕೊಂಡು ರೀಲು ಸ್ವತಂತ್ರವಾಗುತ್ತದೆ, ಲೇಸು ಸಡಿಲಾಗುತ್ತದೆ.

ಶೂ ಮೇಲೆ ಲೇಸು ಹಾದುಹೋಗುವ ಕೊಳವೆ ಅಥವಾ ಪಟ್ಟಿಯ ಕುಣಿಕೆಗಳಿಗೆ ಗೈಡ್ ಎನ್ನುತ್ತಾರೆ. ಲೇಸಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ತೆಳು ಸ್ಟೇನ್‌ಲೆಸ್ ಸ್ಟೀಲ್ ಎಳೆಗಳನ್ನು ಹೊಸೆದು ಮೇಲೆ ನೈಲಾನ್ ಹೊದಿಸಿದ ತಂತಿ. ಇನ್ನೊಂದು, ಡೈನೀಮಾದಂಥ ಗಟ್ಟಿ ನೂಲಿನಿಂದ ಹೆಣೆದ ಬಟ್ಟೆ ಲೇಸು. ಬೆರಳಲ್ಲಿ ಬಾಗಿಸಿ ನೋಡಿ: ಬಿಟ್ಟ ತಕ್ಷಣ ಸ್ಪ್ರಿಂಗಿನಂತೆ ನೆಟ್ಟಗಾದರೆ ಸ್ಟೀಲು, ಸುಮ್ಮನೆ ಬಿದ್ದುಕೊಂಡರೆ ಬಟ್ಟೆ.

1. ತೊಂದರೆ ಯಾವುದು ಎಂದು ಗುರುತಿಸಿ

ಡಯಲನ್ನು ಮೇಲಕ್ಕೆ ಎಳೆದು, ನಾಲಿಗೆಯನ್ನು ಮುಂದಕ್ಕೆ ಜಗ್ಗಿ, ಲೇಸನ್ನು ಪೂರ್ತಿ ಹೊರಗೆ ಬಿಡಿ. ಈಗ ಉದ್ದಕ್ಕೂ ಬೆರಳಾಡಿಸಿ. ಎಲ್ಲಾದರೂ ಒರಟಾಗಿದ್ದರೆ ಅಥವಾ ಸ್ಟೀಲ್ ಎಳೆ ಚುಚ್ಚಿದರೆ ಆ ಲೇಸಿನ ಆಯುಸ್ಸು ಮುಗಿದಿದೆ. ಬರಿಗೈಗೆ ಎಳೆ ಹೊಕ್ಕರೆ ತೆಗೆಯುವುದು ತ್ರಾಸು, ಬಟ್ಟೆಯ ತುಂಡೊಂದನ್ನು ಮಡಚಿ ಹಿಡಿದು ಸವರಿ.

ಲೇಸು ಚೆನ್ನಾಗಿದ್ದರೆ ಲಕ್ಷಣ ನೋಡಿ ಹೀಗೆ ತೀರ್ಮಾನಿಸಬಹುದು:

– ಟಿಕ್ ಸದ್ದೇ ಇಲ್ಲದೆ ಡಯಲ್ ಗಿರ್ರನೆ ತಿರುಗುತ್ತದೆ: ಡಯಲ್ ಪೂರ್ತಿ ಒತ್ತಿಕೊಂಡಿಲ್ಲ, ಅಥವಾ ಅಡಿಯಲ್ಲಿ ಕೊಳೆ ತುಂಬಿ ಒತ್ತಲು ಬಿಡುತ್ತಿಲ್ಲ.
– ಸದ್ದು ಬರುತ್ತದೆ, ಲೇಸು ಎಳೆದುಕೊಳ್ಳುವುದಿಲ್ಲ: ಲೇಸಿನ ಗಂಟು ರೀಲಿನಿಂದ ಕಳಚಿದೆ.
– ಬಿಗಿಯಾಗುತ್ತದೆ, ನಡೆಯುವಾಗ ಜಾರುತ್ತದೆ: ಹಲ್ಲಿನ ನಡುವೆ ಮರಳು, ಅಥವಾ ಹಲ್ಲು ಸವೆದಿದೆ.
– ಮೇಲಕ್ಕೆ ಎಳೆದರೂ ಸಡಿಲಾಗುವುದಿಲ್ಲ: ಲೇಸು ಉಲ್ಟಾ ಸುತ್ತಿದೆ, ಅಥವಾ ಒಳಗೆ ಒಂದರ ಮೇಲೊಂದು ಸಿಕ್ಕಿಕೊಂಡಿದೆ.
– ಡಯಲ್ ಅಲುಗಾಡುತ್ತದೆ: ಬುಡದಿಂದ ಅರೆಬರೆ ಎದ್ದಿದೆ. ಬುಡವೇ ಬಿರುಕು ಬಿಟ್ಟಿದ್ದರೂ ಹೀಗಾಗುತ್ತದೆ.

ಇದೇ ಹೊತ್ತಿಗೆ ಅಟ್ಟೆಯನ್ನೂ ನೋಡಿಬಿಡಿ. ಪಾಲಿಯುರೆಥೇನ್ ಮಧ್ಯದ ಅಟ್ಟೆ ಹಳೆಯದಾದಾಗ ಗಾಳಿಯ ತೇವಕ್ಕೇ ಒಳಗಿನಿಂದ ಪುಡಿಯಾಗುತ್ತದೆ, ಶೂ ಬಳಸದೆ ಪೆಟ್ಟಿಗೆಯಲ್ಲಿಟ್ಟಿದ್ದರೂ ಬಿಡುವುದಿಲ್ಲ. ಹೆಬ್ಬೆರಳಿನಿಂದ ಬದಿಯನ್ನು ಗಟ್ಟಿಯಾಗಿ ಒತ್ತಿ. ಬಿರುಕು ಬಿಟ್ಟರೆ ಅಥವಾ ಪುಡಿ ಉದುರಿದರೆ ಡಯಲ್ ರಿಪೇರಿ ದಂಡ.

2. ತೊಳೆಯಿರಿ

ಬಂಕರಿನ (ಗಾಲ್ಫ್ ಮೈದಾನದ ಮರಳುಗುಂಡಿಯ) ಮರಳು, ಕತ್ತರಿಸಿದ ಹುಲ್ಲಿನ ಚೂರು, ಮಳೆಗಾಲದಲ್ಲಿ ಕೊಡಗು–ಚಿಕ್ಕಮಗಳೂರು ಕಡೆಯ ಕೆಂಪು ಜೇಡಿ, ಇವೆಲ್ಲ ಡಯಲ್ ಅಡಿಯ ಸಂದಿಗೆ ಹೋಗಿ ಒಣಗಿ ಗಟ್ಟಿಯಾಗುತ್ತವೆ. ಹಿಮ್ಮಡಿಯ ಮೇಲೆ ಡಯಲ್ ಇರುವ ಶೂಗಳಲ್ಲಿ ಈ ಕಾಟ ಹೆಚ್ಚು.

ಡಯಲ್ ಮೇಲಕ್ಕೆ ಎಳೆದಿಟ್ಟು ನಲ್ಲಿಯ ಕೆಳಗೆ ಉಗುರುಬೆಚ್ಚಗಿನ ನೀರು ಹಾಯಿಸಿ. ಹಳೆಯ ಹಲ್ಲುಜ್ಜುವ ಬ್ರಷ್‌ಗೆ ಒಂದು ತೊಟ್ಟು ಪಾತ್ರೆ ತೊಳೆಯುವ ದ್ರವ ಹಾಕಿ ಸುತ್ತ ಉಜ್ಜಿ. ಒತ್ತುವುದು, ನಾಲ್ಕು ಟಿಕ್ ತಿರುಗಿಸುವುದು, ಎಳೆಯುವುದು: ಹೀಗೆ ನೀರು ಹರಿಯುತ್ತಿರುವಾಗಲೇ ಹತ್ತು ಹದಿನೈದು ಸಲ ಮಾಡಿ. ಹೊರಬರುವ ನೀರು ತಿಳಿಯಾಗುವವರೆಗೂ ಬಿಡಬೇಡಿ. ಆಮೇಲೆ ನೆರಳಲ್ಲಿ, ಗಾಳಿಯಾಡುವಲ್ಲಿ ಒಣಗಿಸಿ.

ಇಲ್ಲಿ ಜನ ಮಾಡುವ ದೊಡ್ಡ ತಪ್ಪು ಎಣ್ಣೆ ಬಿಡುವುದು. ಹೊಲಿಗೆ ಯಂತ್ರದ ಎಣ್ಣೆ, ಡಬ್ಲ್ಯೂಡಿ-40, ಗ್ರೀಸು, ಕೊಬ್ಬರಿ ಎಣ್ಣೆ, ಯಾವುದೂ ಬೇಡ. ಮೊದಲ ದಿನ ಬೆಣ್ಣೆಯಂತೆ ತಿರುಗುತ್ತದೆ, ಮುಂದಿನ ಬಂಕರಿನಲ್ಲಿ ಮರಳೆಲ್ಲ ಅದಕ್ಕೆ ಅಂಟಿ ಹಲ್ಲನ್ನು ಅರೆಯುತ್ತದೆ. ಈ ಡಯಲ್ ಎಣ್ಣೆ ಕೇಳುವ ಯಂತ್ರವಲ್ಲ. ಹೇರ್ ಡ್ರೈಯರ್, ಕಾರಿನ ಡ್ಯಾಶ್‌ಬೋರ್ಡ್ ಬಿಸಿಲು, ವಾಷಿಂಗ್ ಮಷೀನ್ ಕೂಡ ಬೇಡ. ಡಯಲಿಗಿಂತ ಮೊದಲು ಅಟ್ಟೆಯ ಅಂಟು ಕೆಡುತ್ತದೆ.

3. ಉಲ್ಟಾ ಸುತ್ತಿದ್ದರೆ ಬಿಡಿಸಿ

ಲೇಸು ಸಡಿಲವಾಗಿರುವಾಗ ಡಯಲನ್ನು ತಪ್ಪು ದಿಕ್ಕಿಗೆ ತಿರುಗಿಸಿದರೆ ಕೆಲವು ಮಾದರಿಗಳಲ್ಲಿ ರೀಲು ಲೇಸನ್ನು ಹಿಂದುಮುಂದಾಗಿ ಸುತ್ತಿಕೊಳ್ಳುತ್ತದೆ. ಮಕ್ಕಳ ಕೈಗೆ ಸಿಕ್ಕ ಶೂಗಳಲ್ಲಿ ಇದು ಮಾಮೂಲು. ಬಿಗಿ ಮಾಡಲು ಹೋದರೆ ಸಡಿಲಾಗುತ್ತದೆ, ಸಡಿಲ ಮಾಡಲು ಹೋದರೆ ಸಿಕ್ಕಿಕೊಳ್ಳುತ್ತದೆ.

ಡಯಲ್ ಮೇಲೆತ್ತಿ. ಡಯಲಿಗೆ ತೀರ ಹತ್ತಿರದ ಜಾಗದಲ್ಲಿ ಎರಡೂ ಬದಿಯ ಲೇಸನ್ನು ಸಮನಾಗಿ ಹಿಡಿದು, ಜಗ್ಗದೆ, ಒಂದೇ ಸಮ ಎಳೆಯಿರಿ. ಲೇಸು ಪೂರ್ತಿ ಹೊರಬಂದು ಗಕ್ಕನೆ ನಿಂತರೆ ರೀಲು ಖಾಲಿಯಾಯಿತು ಎಂದರ್ಥ. ಲೇಸನ್ನು ಹಗುರವಾಗಿ ಎಳೆದು ಹಿಡಿದಂತೆಯೇ ಡಯಲ್ ಒತ್ತಿ ಬಿಗಿಯಾಗುವ ದಿಕ್ಕಿಗೆ ತಿರುಗಿಸಿ. ಲೇಸು ಸಡಿಲ ಬಿಟ್ಟು ತಿರುಗಿಸಿದರೆ ಸುತ್ತು ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದು ಮತ್ತೆ ಸಿಕ್ಕಿಕೊಳ್ಳುತ್ತದೆ. ಎಳೆದರೂ ಬರದಿದ್ದರೆ ಇಕ್ಕಳ ಹಾಕಿ ಜಗ್ಗಬೇಡಿ. ನೈಲಾನ್ ಹೊದಿಕೆ ಸುಲಿದರೆ ಸ್ಟೀಲ್ ಲೇಸು ಗೈಡ್‌ಗಳನ್ನು ಗರಗಸದಂತೆ ಕೊಯ್ಯುತ್ತದೆ. ಅಂಥ ಹೊತ್ತಲ್ಲಿ ಡಯಲ್ ಬಿಚ್ಚುವುದೇ ದಾರಿ.

4. ಬಿಡಿಭಾಗ ತರಿಸಿ

ಬೋವಾ ಕಂಪನಿ ತನ್ನ ಡಯಲ್ ಮತ್ತು ಲೇಸಿಗೆ, ಅವು ಕೂತಿರುವ ಶೂ ಬಾಳುವಷ್ಟು ಕಾಲ ಖಾತರಿ ಕೊಡುತ್ತದೆ. ಅದರ ಜಾಲತಾಣದಲ್ಲಿ ರಿಪೇರಿ ಕಿಟ್ ಕೇಳುವ ಅರ್ಜಿ ಇದೆ. ಅರ್ಜಿಯಲ್ಲಿ ನಿಮ್ಮ ದೇಶ ಬರದಿದ್ದರೆ ಶೂ ಕಂಪನಿಯ ಮೂಲಕ ಕೇಳಿ. ಕೇಳುವ ಮುನ್ನ ಇವು ಕೈಯಲ್ಲಿರಲಿ: ಶೂ ಕಂಪನಿ, ಮಾದರಿಯ ಹೆಸರು, ಸೈಜು, ಎಡವೋ ಬಲವೋ, ಡಯಲಿನ ಮೇಲೆ ಅಥವಾ ಬದಿಯಲ್ಲಿರುವ ಗುರುತು, ಲೇಸು ಸ್ಟೀಲೋ ಬಟ್ಟೆಯೋ, ಜೊತೆಗೆ ಮೇಲಿನಿಂದ ಮತ್ತು ಬದಿಯಿಂದ ತೆಗೆದ ಎರಡು ಫೋಟೊ. ಎಡ–ಬಲ ಹೇಳಲು ಮರೆಯಬೇಡಿ, ಕೆಲವು ಮಾದರಿಗಳಲ್ಲಿ ಎರಡೂ ಕಾಲಿನ ಡಯಲ್ ಬೇರೆ ಬೇರೆ.

ಕಿಟ್ ಬರುವ ತನಕ ತಾಳ್ಮೆ ಇಲ್ಲದವರು ಮೀನಿನ ಗಾಳದ ದಾರ, ಫೋಟೊ ನೇತುಹಾಕುವ ತಂತಿ, ಸೈಕಲ್ ಬ್ರೇಕ್ ಕೇಬಲ್ ಹಾಕಿ ನೋಡುತ್ತಾರೆ. ಬ್ರೇಕ್ ಕೇಬಲ್ ದಪ್ಪ, ರೀಲಿನಲ್ಲಿ ಹಿಡಿಯುವುದಿಲ್ಲ. ಹೊದಿಕೆಯಿಲ್ಲದ ತಂತಿ ಗೈಡ್ ಕೊಯ್ಯುತ್ತದೆ. ಒಂಟಿ ಎಳೆಯ ನೈಲಾನ್ ದಾರ ಹಿಗ್ಗುತ್ತದೆ, ಹಾಗಾಗಿ ಬಿಗಿ ನಿಲ್ಲುವುದಿಲ್ಲ. ನೂರು ರೂಪಾಯಿ ಉಳಿಸಲು ಹೋಗಿ ಗೈಡ್ ಕಳೆದುಕೊಂಡರೆ ಹೊಲಿಗೆ ಕೆಲಸ ಮೈಮೇಲೆ ಬೀಳುತ್ತದೆ.

ಮನೆಯಲ್ಲಿ ಬೇಕಾದ ಸಾಮಾನು: 2 ರಿಂದ 3 ಮಿ.ಮೀ. ಅಗಲದ ಚಪ್ಪಟೆ ಸ್ಕ್ರೂಡ್ರೈವರ್, ಚಿಕ್ಕ ಪ್ಲಸ್ ಮತ್ತು ನಕ್ಷತ್ರ ತಲೆಯ ಸ್ಕ್ರೂಡ್ರೈವರ್ ಸೆಟ್ (ಮೊಬೈಲ್ ರಿಪೇರಿಯದ್ದು ಸಾಕು), ಚಿಮಟ, ಮೂತಿ ಚೂಪಾದ ಇಕ್ಕಳ, ಹರಿತವಾದ ಕೇಬಲ್ ಕಟರ್, ತೆಳು ಟೇಪು, ಬಿಳಿ ತಟ್ಟೆ. ಸೈಕಲ್ ಅಂಗಡಿಯ ಕೇಬಲ್ ಕಟರ್ ಸ್ಟೀಲ್ ಲೇಸನ್ನು ಒಂದೇ ಕಡಿತಕ್ಕೆ ಶುಭ್ರವಾಗಿ ಕತ್ತರಿಸುತ್ತದೆ; ಅಡುಗೆಮನೆ ಕತ್ತರಿ ಎಳೆಗಳನ್ನು ಚದುರಿಸಿಬಿಡುತ್ತದೆ, ಆಮೇಲೆ ಅದು ಯಾವ ತೂತಿಗೂ ಹೋಗುವುದಿಲ್ಲ. ಬಿಳಿ ತಟ್ಟೆ ಏಕೆಂದರೆ, ಹಾರಿಬಿದ್ದ ಸ್ಕ್ರೂ ಅದರಲ್ಲಿ ಕಾಣುತ್ತದೆ.

5. ಫೋಟೊ ತೆಗೆದು, ಡಯಲ್ ಬಿಚ್ಚಿ

ಲೇಸು ಹಾದಿರುವ ದಾರಿಯನ್ನು ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಸರಿಯಿರುವ ಇನ್ನೊಂದು ಶೂ ಎದುರಿಗಿರಲಿ, ಆದರೆ ಅದು ಕನ್ನಡಿಯ ಬಿಂಬದ ಹಾಗೆ ಎಡಬಲ ಅದಲುಬದಲು ಎಂಬುದು ನೆನಪಿರಲಿ.

ಬಿಚ್ಚುವ ವಿಧಾನ ಎರಡು. ಹಳೆಯ ಮಾದರಿಗಳಲ್ಲಿ ಡಯಲಿನ ನಡುವೆ ಸ್ಕ್ರೂ ಇರುತ್ತದೆ, ಕೆಲವದರಲ್ಲಿ ಅದರ ಮೇಲೆ ಪುಟ್ಟ ಮುಚ್ಚಳ. ಸ್ಕ್ರೂ ತಲೆಗೆ ಸರಿಯಾಗಿ ಕೂರುವ ತುದಿಯನ್ನೇ ಬಳಸಿ, ಒತ್ತಿ ಹಿಡಿದು ಬಿಚ್ಚಿ. ತಲೆ ಸವೆದುಹೋದರೆ ತೆಗೆಯುವುದು ದೊಡ್ಡ ರಾಮಾಯಣ.

ಹೊಸ ಮಾದರಿಗಳಲ್ಲಿ ಸ್ಕ್ರೂ ಇಲ್ಲ. ಡಯಲ್ ಬುಡಕ್ಕೆ ಟಕ್ಕನೆ ಕಚ್ಚಿಕೊಂಡಿರುತ್ತದೆ. ಬುಡದ ಅಂಚಿನಲ್ಲಿ ಸುತ್ತ ನೋಡಿದರೆ ಒಂದು ಕಡೆ ಚಿಕ್ಕ ಸೀಳು ಅಥವಾ ತಗ್ಗು ಕಾಣುತ್ತದೆ. ಲೇಸು ಪೂರ್ತಿ ಸಡಿಲ ಮಾಡಿ, ಚಪ್ಪಟೆ ಸ್ಕ್ರೂಡ್ರೈವರನ್ನು ಆ ಸೀಳಿಗೆ ತೂರಿಸಿ, ಹಿಡಿಯನ್ನು ಶೂ ಕಡೆಗೆ ನಿಧಾನ ಬಾಗಿಸಿ. ಡಯಲ್ ಎದ್ದು ಬರುತ್ತದೆ. ಸೀಳು ಸಿಗದೆ ಕಂಡಕಂಡ ಕಡೆ ಮೀಟಬೇಡಿ. ಡಯಲ್ ಮುರಿದರೆ ಕಿಟ್‌ನಲ್ಲಿ ಹೊಸದಿದೆ, ಬುಡ ಮುರಿದರೆ ಮನೆಯಲ್ಲಿ ಮದ್ದಿಲ್ಲ. ಈ ಇಡೀ ಕೆಲಸದಲ್ಲಿ ನೀವು ಕಾಪಾಡಬೇಕಾದ ಭಾಗ ಬುಡವೊಂದೇ.

ಬಿಚ್ಚಿದ ಮೇಲೆ ಬುಡದೊಳಗೆ ಒದ್ದೆ ಹತ್ತಿಕಡ್ಡಿ ಆಡಿಸಿ. ಒಂದು ಮರಳಿನ ಕಾಳು ಉಳಿದರೂ ಹೊಸ ಡಯಲ್ ಪೂರ್ತಿ ಕೂರುವುದಿಲ್ಲ.

6. ಹೊಸ ಲೇಸು ಹಾಯಿಸಿ

ಹಳೆಯ ಲೇಸನ್ನು ಇನ್ನೂ ಎಳೆಯಬೇಡಿ! ಡಯಲ್ ನಾಲಿಗೆಯ ಮೇಲಿದ್ದು ಗೈಡ್‌ಗಳೆಲ್ಲ ಹೊರಗೆ ಕಾಣುತ್ತಿದ್ದರೆ ಚಿಂತೆಯಿಲ್ಲ. ಆದರೆ ಹಿಮ್ಮಡಿಯಲ್ಲೋ ಬದಿಯಲ್ಲೋ ಡಯಲ್ ಇರುವ ಶೂಗಳಲ್ಲಿ ಲೇಸು ಚರ್ಮ ಮತ್ತು ಅಸ್ತರದ ನಡುವಿನ ಕೊಳವೆಯಲ್ಲಿ ಹೋಗಿರುತ್ತದೆ. ಹಳೆಯದನ್ನು ಎಳೆದು ಬಿಸಾಕಿದರೆ ದಾರಿಯೂ ಅದರ ಜೊತೆಗೇ ಹೋಗುತ್ತದೆ.

ಬಟ್ಟೆ ಲೇಸಾದರೆ ಹಳೆಯದರ ತುದಿಗೆ ಹೊಸದರ ತುದಿಯನ್ನು ಎದುರುಬದುರು ಇಟ್ಟು ಸೂಜಿದಾರದಿಂದ ನಾಲ್ಕು ಹೊಲಿಗೆ ಹಾಕಿ. ಗಂಟು ಕಟ್ಟಬೇಡಿ, ಗಂಟು ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಳೆಯದನ್ನು ಎಳೆದಂತೆ ಹೊಸದು ಹಿಂದೆಯೇ ಬರುತ್ತದೆ. ಸ್ಟೀಲ್ ಲೇಸಾದರೆ ಜೋಡಿಸುವ ಗೋಜಿಲ್ಲ, ಗಡುಸಾಗಿರುವುದರಿಂದ ತಳ್ಳಿದರೇ ಹೋಗುತ್ತದೆ. ಡಯಲ್ ಕಡೆಯ ತೂತಿನಿಂದ ಶುರುಮಾಡಿ, ಒಂದೊಂದು ಸೆಂಟಿಮೀಟರಿನಷ್ಟೇ ತಳ್ಳಿ, ತಡೆ ಬಂದರೆ ಬೆರಳಲ್ಲಿ ಹೊರಳಿಸಿ. ರಭಸದಿಂದ ತಳ್ಳಿದರೆ ಬಾಗಿ ಮುರುಚಿಕೊಳ್ಳುತ್ತದೆ. ಒಮ್ಮೆ ಮುರುಚಿದ ಸ್ಟೀಲ್ ಲೇಸು ಮುಂದೆ ಅದೇ ಜಾಗದಲ್ಲಿ ತುಂಡಾಗುತ್ತದೆ.

ಲೇಸು ಮೊದಲೇ ತುಂಡಾಗಿ ಕೊಳವೆ ಖಾಲಿಯಾಗಿದ್ದರೆ, ಮತ್ತು ಹಾಕಬೇಕಾದ್ದು ಬಟ್ಟೆ ಲೇಸಾದರೆ, ಗಿಟಾರಿನ ತೆಳುವಾದ ಮೊದಲ ತಂತಿ ಅಥವಾ ಅರ್ಧ ಮಿ.ಮೀ. ದಪ್ಪದ ನೈಲಾನ್ ಗಾಳದ ದಾರವನ್ನು ಮೊದಲು ತೂರಿಸಿ ಆಚೆ ತೆಗೆಯಿರಿ. ಅದರ ತುದಿಗೆ ಲೇಸನ್ನು ಟೇಪಿನಿಂದ ಬಿಗಿಯಾಗಿ ಸುತ್ತಿ ಎಳೆದುಕೊಳ್ಳಿ. ತಂತಿಯ ಚೂಪು ತುದಿಯನ್ನು ಮೊದಲು ಸ್ವಲ್ಪ ಉಜ್ಜಿ ಮೊಂಡು ಮಾಡಿಕೊಳ್ಳಿ. ಇಲ್ಲದಿದ್ದರೆ ಕೊಳವೆ ಬಿಟ್ಟು ಅಸ್ತರದೊಳಗೆ ನುಗ್ಗುತ್ತದೆ.

ಎಲ್ಲ ಗೈಡ್ ದಾಟಿದ ಮೇಲೆ ಎರಡೂ ತುದಿ ಬುಡದ ಎರಡು ತೂತುಗಳಿಂದ ಒಳಗೆ ಬಂದಿರಬೇಕು. ಫೋಟೊ ಜೊತೆ ಹೋಲಿಸಿ. ಒಂದು ಗೈಡ್ ತಪ್ಪಿದ್ದರೂ ಈಗಲೇ ಗೊತ್ತಾಗಲಿ.

7. ಉದ್ದ ಸರಿಮಾಡಿ, ಗಂಟು ಹಾಕಿ

ಕಿಟ್ ಲೇಸು ನಿಮ್ಮ ಮಾದರಿಗೇ ಬಂದಿದ್ದರೆ ಕತ್ತರಿಸುವ ಪ್ರಶ್ನೆ ಇಲ್ಲ. ಉದ್ದನೆಯದು ಬಂದಿದ್ದರೆ ಹಳೆಯ ಲೇಸಿನ ತುಂಡುಗಳನ್ನು ಜೋಡಿಸಿಟ್ಟು ಅಳೆದು, ಗಂಟಿಗೆಂದು ಐದಾರು ಸೆಂ.ಮೀ. ಹೆಚ್ಚು ಬಿಟ್ಟು ಕತ್ತರಿಸಿ. ಕತ್ತರಿಸುವ ಮುನ್ನ ಕಾಲು ಹಾಕಿ ನೋಡಿ. ಕಾಲು ಸಲೀಸಾಗಿ ಒಳಗೆ ಹೋಗುವಷ್ಟು ಸಡಿಲ ಬೇಕು, ಅದಕ್ಕಿಂತ ಹೆಚ್ಚು ಬೇಡ. ಲೇಸು ಗಿಡ್ಡವಾದರೆ ಶೂ ಹಾಕಲಾಗದು; ಉದ್ದವಾದರೆ ರೀಲು ತುಂಬಿ ತುಳುಕಿ, ಬಿಗಿಯಾಗುವ ಮೊದಲೇ ಡಯಲ್ ನಿಂತುಬಿಡುತ್ತದೆ. ಎರಡನೆಯ ತಪ್ಪೇ ಹೆಚ್ಚು. ‘ಇರಲಿ’ ಎಂದು ಉದ್ದ ಬಿಡುವ ಅಭ್ಯಾಸ ಇಲ್ಲಿ ನಡೆಯದು.

ರೀಲಿನ ಅಂಚಿನಲ್ಲಿ ಲೇಸು ತೂರುವ ತೂತು ಮತ್ತು ಗಂಟು ಕೂರುವ ಗುಳಿ ಇರುತ್ತವೆ. ತುದಿಯನ್ನು ತೂರಿಸಿ ಹೊರತೆಗೆದು, ಸಾಮಾನ್ಯ ಗಂಟು ಹಾಕಿ. ಬಟ್ಟೆ ಲೇಸಾದರೆ ಅದೇ ಕುಣಿಕೆಯಲ್ಲಿ ಇನ್ನೊಮ್ಮೆ ತೂರಿಸಿ ಇಮ್ಮಡಿ ಮಾಡಿ, ಏಕೆಂದರೆ ಡೈನೀಮಾ ನುಣುಪು, ಒಂಟಿ ಗಂಟು ಜಾರುತ್ತದೆ. ಉಳಿದ ಬಾಲವನ್ನು ಮಾತ್ರ ಇಕ್ಕಳದಲ್ಲಿ ಹಿಡಿದು ಬಿಗಿಮಾಡಿ. ಬಾಲ 3 ಮಿ.ಮೀ. ಬಿಟ್ಟು ಕತ್ತರಿಸಿ. ಬಟ್ಟೆ ಲೇಸಿನ ತುದಿಗೆ ಲೈಟರ್ ತೋರಿಸುವುದಾದರೆ ಒಂದು ಕ್ಷಣವಷ್ಟೇ. ಡೈನೀಮಾ ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಕರಗುವ ನೂಲು, ಗಂಟೇ ಕರಗಿಹೋದೀತು. ಕೊನೆಗೆ ಗಂಟನ್ನು ಎಳೆದು ಗುಳಿಯೊಳಗೆ ಕೂರಿಸಿ. ಅದು ಮೇಲೆ ಎದ್ದುಕೊಂಡಿದ್ದರೆ ಬುಡಕ್ಕೆ ಉಜ್ಜಿ ಡಯಲ್ ಬಿಗಿಯಾಗಿ ತಿರುಗುತ್ತದೆ. ಎರಡನೇ ತುದಿಗೂ ಹೀಗೆಯೇ.

ಕಿಟ್ ಜೊತೆ ಬಂದ ಹಾಳೆಯಲ್ಲಿ ಬೇರೆ ಗಂಟು ಅಥವಾ ಬೇರೆ ಕ್ರಮ ತೋರಿಸಿದ್ದರೆ ಅದನ್ನೇ ಪಾಲಿಸಿ.

8. ಡಯಲ್ ಕೂರಿಸಿ, ಪರೀಕ್ಷಿಸಿ

ಲೇಸು ಬುಡ ಮತ್ತು ಡಯಲಿನ ಅಂಚಿನ ನಡುವೆ ಸಿಕ್ಕದಂತೆ ಎರಡೂ ಬದಿ ಎಳೆದು ಹಿಡಿದು, ಡಯಲನ್ನು ನೇರವಾಗಿ ಇಟ್ಟು ಹೆಬ್ಬೆರಳಿನಿಂದ ಒತ್ತಿ. ಟಕ್ ಎನ್ನಬೇಕು. ಸುತ್ತಲೂ ಸಂದಿ ಒಂದೇ ಸಮ ಇದೆಯೇ ನೋಡಿ. ಒಂದು ಕಡೆ ಎದ್ದಿದ್ದರೆ ಅಡಿಯಲ್ಲಿ ಲೇಸು ಸಿಕ್ಕಿದೆ, ಬಿಚ್ಚಿ ಮತ್ತೆ ಕೂರಿಸಿ. ಸುತ್ತಿಗೆ ಬೇಡ. ಸ್ಕ್ರೂ ಇರುವ ಡಯಲಾದರೆ ಸ್ಕ್ರೂ ತಳ ಮುಟ್ಟಿದ ಕೂಡಲೇ ನಿಲ್ಲಿಸಿ. ಅದು ಪ್ಲಾಸ್ಟಿಕ್‌ಗೆ ಕಚ್ಚಿರುವ ಸ್ಕ್ರೂ, ಇನ್ನಷ್ಟು ತಿರುಗಿಸಿದರೆ ಹಿಡಿತ ಹೋಗುತ್ತದೆ, ಜೊತೆಗೆ ಡಯಲ್ ಮೇಲೆ ಕೆಳಗೆ ಆಡುವುದೂ ನಿಲ್ಲುತ್ತದೆ.

ಮೊದಲು ಕಾಲಿಲ್ಲದೆ, ಲೇಸು ಹಗುರ ಎಳೆದು ಹಿಡಿದು, ಹತ್ತು ಸಲ ಬಿಗಿಮಾಡಿ ಬಿಡಿ. ಆಮೇಲೆ ಆಡುವಾಗಿನ ಕಾಲುಚೀಲವನ್ನೇ ಹಾಕಿ ಕಾಲು ತೂರಿಸಿ, ಎಂದಿನಷ್ಟು ಬಿಗಿಮಾಡಿ, ಮುಂಗಾಲ ಮೇಲೆ ಭಾರ ಹಾಕಿ ಏಳಿ, ಒಂದೆರಡು ಸ್ವಿಂಗ್ ಮಾಡಿ. ಮೊದಲ ದಿನ ಲೇಸು ಸ್ವಲ್ಪ ಸಡಿಲಾಗುವುದು ಸಹಜ, ಗಂಟು ಗುಳಿಯಲ್ಲಿ ಕೂರುತ್ತಿರುತ್ತದೆ. ಹದಿನೆಂಟು ಹೋಲ್ ಮುಗಿದ ಮೇಲೂ ಪ್ರತಿ ಹೋಲಿಗೆ ಬಿಗಿಮಾಡಬೇಕಾಗಿ ಬಂದರೆ ಹಲ್ಲು ಸರಿಯಾಗಿ ಕಚ್ಚುತ್ತಿಲ್ಲ ಎಂದರ್ಥ. ಡಯಲ್ ಬದಲಿಸಿ.

ಗೈಡ್ ಹರಿದಿದ್ದರೆ, ಬುಡ ಮುರಿದಿದ್ದರೆ

ಪಟ್ಟಿಯ ಗೈಡ್ ಕಿತ್ತುಬಂದಿದ್ದರೆ ಗಟ್ಟಿ ನೈಲಾನ್ ದಾರದಿಂದ, ಹಳೆಯ ಹೊಲಿಗೆಯ ತೂತುಗಳಲ್ಲೇ ಸೂಜಿ ಹಾಯಿಸಿ ಹೊಲಿಯಿರಿ. ಹೊಸ ತೂತು ಮಾಡಿದರೆ ನೀರು ತಡೆಯುವ ಒಳಪದರಕ್ಕೆ ರಂಧ್ರ ಬೀಳುತ್ತದೆ, ಬೆಳಗಿನ ಇಬ್ಬನಿಗೇ ಕಾಲುಚೀಲ ಒದ್ದೆಯಾಗುತ್ತದೆ. ಒಳ್ಳೆಯ ಮೋಚಿ ಇದನ್ನು ನಿಮಗಿಂತ ಅಚ್ಚುಕಟ್ಟಾಗಿ ಮಾಡಿಕೊಡುತ್ತಾರೆ, ಹಳೆಯ ತೂತಿನಲ್ಲೇ ಹೊಲಿಯಲು ಹೇಳಿ ಅಷ್ಟೆ. ಫೆವಿಕ್ವಿಕ್ ಥರದ ಅಂಟು ಮಡಚುವ ಜಾಗದಲ್ಲಿ ಗಾಜಿನಂತೆ ಸಿಡಿಯುತ್ತದೆ. ಡಯಲ್ ಹತ್ತಿರ ಒಂದು ಹನಿ ಜಾರಿದರೆ ಹಲ್ಲುಗಳೂ ಅಂಟಿಕೊಳ್ಳುತ್ತವೆ.

ಬುಡ ಬಿರುಕು ಬಿಟ್ಟಿದ್ದರೆ ಶೂ ಕಂಪನಿಯ ವಾರಂಟಿ ಇದೆಯೇ ನೋಡಿ. ಇಲ್ಲದಿದ್ದರೆ, ಡಯಲ್ ನಾಲಿಗೆಯ ಮೇಲಿರುವ ಮಾದರಿಗಳಿಗೆ ಒಂದು ಉಪಾಯ ಉಂಟು: ಡಯಲ್ ತೆಗೆದು, ಅದೇ ಗೈಡ್‌ಗಳಲ್ಲಿ 2 ಮಿ.ಮೀ. ದಪ್ಪದ ದುಂಡು ಲೇಸು ಹಾಯಿಸಿ ಮೇಲೆ ಮಾಮೂಲಿ ಗಂಟು ಕಟ್ಟಿ. ನೋಡಲು ಚೆಂದವಿಲ್ಲ, ಆಟಕ್ಕೆ ಅಡ್ಡಿಯಿಲ್ಲ. ಹಿಮ್ಮಡಿ ಡಯಲಿನ ಶೂಗೆ ಇದು ಆಗದು. ಆಟದ ನಡುವೆ ಲೇಸು ತುಂಡಾದಾಗಲೂ ಇದೇ ಕೈಹಿಡಿಯುತ್ತದೆ, ಆದ್ದರಿಂದ ಅಂಥದ್ದೊಂದು ಜೊತೆ ಲೇಸನ್ನು, ತುದಿಗೆ ಟೇಪು ಸುತ್ತಿ ಚೂಪು ಮಾಡಿ, ಗಾಲ್ಫ್ ಬ್ಯಾಗಿನ ಬಾಲ್ ಇಡುವ ಜೇಬಿನಲ್ಲಿ ಹಾಕಿಟ್ಟಿರಿ.